ಇಪ್ಪತ್ತರಲ್ಲೊಂದು

ಬೆಳಗಾವಿಯ ನಮ್ಮ ಓಣಿಯಲ್ಲಿ ಒಂದು ಬುದ್ಧವಿಹಾರವಿದೆ. ವಿಹಾರ ಎಂದರೆ ದೊಡ್ಡದೇನಲ್ಲ. ನಾಲ್ಕು ಗೋಡೆ, ಮೇಲೆ ತಗಡು, ಒಳಗೊಬ್ಬ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಮಳೆಗಾಲದಲ್ಲಿ ತಗಡಿನ ಸಪ್ಪಳಕ್ಕೆ ತ್ರಿಸರಣ ಕೇಳಿಸುವುದಿಲ್ಲ. ಹುಣ್ಣಿವೆಗೊಮ್ಮೆ ಅಲ್ಲಿ ಸೇರುತ್ತೇವೆ. ಖಾನಾಪುರದ ಕಡೆಯ ಸಂಗಾತಿಗಳು ಬಸ್ಸಿಗೆ ಬರುತ್ತಾರೆ; ಕಡೇ ಬಸ್ಸು ತಪ್ಪಿದರೆ ವಿಹಾರದಲ್ಲೇ ಚಾಪೆ ಹಾಸಿ ಮಲಗುತ್ತಾರೆ.

ಹೋದ ಹುಣ್ಣಿವೆಗೆ ಬರುವ ವರ್ಷದ ಕೆಲಸ ಏನು, ಖರ್ಚು ಏನು ಎಂದು ಗೊತ್ತುಮಾಡಲು ಕೂತೆವು. ಪೆಟ್ಟಿಗೆ ತೆಗೆದು ರೊಕ್ಕ ಎಣಿಸಿದೆವು. ಎಣಿಸಿ ಮುಗಿಯುವುದಕ್ಕೂ ಜಗಳ ಶುರುವಾಗುವುದಕ್ಕೂ ಸರಿಹೋಯಿತು. ಹಿರಿಯರು, ತಗಡು ತೆಗೆದು ಗುಮ್ಮಟ ಕಟ್ಟೋಣ, ಮಂದಿ ನಮ್ಮನ್ನು ನೋಡಿ ಗೌರವ ಕೊಡಬೇಕು ಎಂದರು. ಹುಡುಗರಾದ ನಾವು, ಗುಮ್ಮಟ ಯಾರಿಗೆ ಬೇಕು, ಕಾಲೇಜು ಬಿಡುತ್ತಿರುವ ಹುಡುಗಿಯರ ಫೀ ಕಟ್ಟೋಣ ಎಂದೆವು. ದನಿ ಏರಿತು. ಆಗ ಖಾನಾಪುರದ ಹಂಚಿನ ಭಟ್ಟಿಯಲ್ಲಿ ಮಣ್ಣು ಹೊತ್ತು ಮುಪ್ಪಾದ ಒಬ್ಬ ಆಯಿ ಎದ್ದು ನಿಂತಳು.

“ಅಲ್ರೋ ಯಪ್ಪಾ, ಗುಮ್ಮಟ ಕಟ್ಟೂದೋ ಫೀ ಕಟ್ಟೂದೋ ಆಮ್ಯಾಲ ನೋಡೂಣು. ಮೊದಲ ಈ ರೊಕ್ಕ ಯಾರದು ಅನ್ನೂದು ಹೇಳ್ರಿ.”

ಯಾರೂ ಹೇಳಲಿಲ್ಲ. ಅಂದು ಬಾಯಿ ಮುಚ್ಚಿಕೊಂಡ ನಾವು ಇಂದು ಬರೆಯಲು ಕೂತಿದ್ದೇವೆ.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಮರುದಿನದ ಭಾಷಣದಲ್ಲಿ, ನಿಮ್ಮ ಗಳಿಕೆಯ ಇಪ್ಪತ್ತರಲ್ಲೊಂದು ಪಾಲನ್ನು ಈ ಕೆಲಸಕ್ಕೆ ಕೊಡುವ ನಿರ್ಧಾರ ಮಾಡಿ ಎಂದು ಜನರನ್ನು ಕೇಳಿದರು. ಎದುರಿಗೆ ಕೂತವರಲ್ಲಿ ಬಹಳ ಮಂದಿ ಕೂಲಿಕಾರರು. ಬುತ್ತಿ ಕಟ್ಟಿಕೊಂಡು ನಡೆದು ಬಂದವರು. ಅಂಥವರ ಮುಂದೆ ಜೋಳಿಗೆ ಒಡ್ಡಿದ್ದು ಸರಿಯೇ? ಸರಿ ಎಂದೇ ನಮ್ಮ ನಂಬಿಕೆ. ಸಾವಿರಾರು ವರ್ಷ ನಮ್ಮವರು ಧರ್ಮದ ಬಾಗಿಲಲ್ಲಿ ಬೇಡುವವರಾಗಿ ನಿಂತಿದ್ದರು. ಎಂಜಲು ಬಿದ್ದರೆ ಉಂಡರು, ಬೀಳದಿದ್ದರೆ ಹಸಿದರು. ಮೊದಲ ಸಲ ಒಬ್ಬ ಮನುಷ್ಯ ಅವರಿಗೆ, ನೀವು ಕೊಡುವವರು ಎಂದ. ಕೊಡುವವನಿಗೆ ಕೇಳುವ ಹಕ್ಕು ಬರುತ್ತದೆ. ಇಪ್ಪತ್ತರಲ್ಲೊಂದರ ಅರ್ಥ ರೊಕ್ಕದಲ್ಲಿಲ್ಲ, ಆ ಹಕ್ಕಿನಲ್ಲಿದೆ.

ಈ ಮಾತು ನಮ್ಮ ನೆಲಕ್ಕೆ ಹೊಸದೂ ಅಲ್ಲ. ನಂದಗಡ, ಬೀಡಿ ಕಡೆಯ ಬಸ್ಸು ಹಿಡಿದು ಖಾನಾಪುರ ತಾಲೂಕಿನ ಕಕ್ಕೇರಿಗೆ ಹೋಗಿ. ಕಲ್ಯಾಣ ಹೊತ್ತಿ ಉರಿದಾಗ ಶರಣರ ಒಂದು ತಂಡ ವಚನದ ಕಟ್ಟು ಹೊತ್ತು ಉಳವಿಯ ದಾರಿ ಹಿಡಿಯಿತು. ಬೆನ್ನಟ್ಟಿ ಬಂದ ಸೈನ್ಯವನ್ನು ತಡೆಯುತ್ತಾ ಡೋಹರ ಕಕ್ಕಯ್ಯ ಮಡಿದದ್ದು ಇಲ್ಲೇ ಎಂದು ಜನ ನಂಬಿದ್ದಾರೆ. ಆತನ ಸಮಾಧಿಯನ್ನು ತೋರಿಸುತ್ತಾರೆ. ತೊಗಲು ಹದ ಮಾಡುವವನು, ಅಕ್ಷರಕ್ಕೆ ದೂರ ಇಟ್ಟ ಜಾತಿಯವನು, ಅಕ್ಷರ ಉಳಿಸಲು ಜೀವ ಕೊಟ್ಟ. ಇದಕ್ಕಿಂತ ದೊಡ್ಡ ಪಾಲು ಯಾರು ಕೊಟ್ಟಾರು?

ಅದೇ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಅವಳ ಗಂಡ ಮಾರಯ್ಯ ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇದು ಅತಿಯಾಸೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ನೆಲದ ಮೇಲಿನ ಕಾಳು ಆಯುವ ಹೆಂಗಸು ಸಂಪತ್ತಿಗೊಂದು ಮಿತಿ ಹಾಕಿದಳು. ಬಡವರ ಬಳಿ ಏನೈತಿ, ಅವರಿಗೆಂಥಾ ಹೊಣೆ ಎನ್ನುವವರಿಗೆ ಲಕ್ಕಮ್ಮನೇ ಉತ್ತರ.

ದಾನ ಬೇರೆ, ದಾಸೋಹ ಬೇರೆ. ಖಾನಾಪುರ ತಾಲೂಕಿನ ಹಲಸಿ ಆ ಕಾಲದಲ್ಲಿ ಕದಂಬರ ಪಲಾಶಿಕೆ. ಐದನೆಯ ಶತಮಾನದಲ್ಲಿ ಮೃಗೇಶವರ್ಮ ಅಲ್ಲಿ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರೂ ಪಂಗಡಗಳಿಗೆ 33 ನಿವರ್ತನ ಭೂಮಿ ಬಿಟ್ಟ. ತಾಮ್ರದಲ್ಲಿ ಬರೆಸಿದ. ದೊಡ್ಡ ಮನಸ್ಸೇ. ಒಂದೇ ಪಂಗಡಕ್ಕೆ ಕೊಡಲಿಲ್ಲ ಎಂಬುದನ್ನು ನಾವೂ ಮೆಚ್ಚುತ್ತೇವೆ. ಆದರೆ ಕೊಟ್ಟ ರಾಜನ ಹೆಸರು ಉಳಿಯಿತು, ಆ ಮಣ್ಣನ್ನು ಉತ್ತವರ ಹೆಸರು ಹೋಯಿತು. ದಾನದಲ್ಲಿ ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ. ದಾಸೋಹದಲ್ಲಿ ಮೇಲು ಕೆಳಗು ಇರಬಾರದು. ದುಡಿದದ್ದು ಒಬ್ಬನದಲ್ಲ ಎಂದು ತಿಳಿದವನು ಮಾತ್ರ ದಾಸೋಹ ಮಾಡಬಲ್ಲ.

ಬೆಳಗಾವಿ ದಾನಿಗಳ ಊರು, ಒಪ್ಪುತ್ತೇವೆ. ಶಿರಸಂಗಿ ಲಿಂಗರಾಜರು ಆಸ್ತಿಯನ್ನೇ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಏಳು ಮಂದಿ ಮಾಸ್ತರರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಪ್ರಸಾದನಿಲಯ ನಡೆಸಿ ಎಷ್ಟೋ ಬಡ ಮಕ್ಕಳಿಗೆ ಅನ್ನ ಹಾಕಿದರು. ಇವರ ಸಾಲಿನಲ್ಲಿ ನಾವೆಲ್ಲಿ? ಬರೆದಿಡಲು ನಮಗೆ ಜಮೀನಿಲ್ಲ, ವತನ ಇಲ್ಲ. ಇದ್ದ ವತನವೂ ಸತ್ತ ದನ ಎಳೆಯುವ ವತನ. ಏನೂ ಇಲ್ಲದವರು ಯಾವುದಕ್ಕೆ ಧರ್ಮದರ್ಶಿಗಳು?

ಧರ್ಮದರ್ಶಿ ಎಂಬ ಮಾತು ಬಂದರೆ ಗಾಂಧೀಜಿ ನೆನಪಾಗುತ್ತಾರೆ. ಸಿರಿವಂತ ತನ್ನ ಆಸ್ತಿಗೆ ತಾನು ಒಡೆಯನಲ್ಲ, ಸಮಾಜದ ಪರವಾಗಿ ಕಾಯುವವನು ಎಂದು ತಿಳಿಯಲಿ ಎಂದರು ಅವರು. ಮಾತು ಚೆಲುವಾಗಿದೆ. ಆದರೆ ಆ ಸಿರಿವಂತನನ್ನು ಕಾವಲಿಗೆ ನೇಮಿಸಿದವರು ಯಾರು? ಅವನು ಲೆಕ್ಕ ಒಪ್ಪಿಸುವುದು ಯಾರಿಗೆ? ತಪ್ಪಿದರೆ ತೆಗೆದುಹಾಕುವವರು ಯಾರು? 1924ರ ಡಿಸೆಂಬರಿನಲ್ಲಿ ಇದೇ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಅವರು ಅಸ್ಪೃಶ್ಯತೆ ತೊಲಗಬೇಕೆಂದರು. ಆ ಮಾತು ಮೇಲಿನವರ ಮನಸ್ಸಿಗೆ ಹೇಳಿದ್ದು. ನಾಲ್ಕೇ ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬೈ ಇಲಾಖೆಯ ಬಹಿಷ್ಕೃತರ ಪರಿಷತ್ತು ಕೂಡಿತು. ಅಧ್ಯಕ್ಷರು ಅಂಬೇಡ್ಕರ್. ಅಲ್ಲಿ ಬಹಿಷ್ಕೃತರೇ ಕೂಡಿ ತಮ್ಮ ಬಾಳಿನ ಮಾತು ತಾವೇ ಆಡಿದರು. ಅವರು 1924ರಲ್ಲಿ ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು ಸೋಲಾಪುರದ ವಿದ್ಯಾರ್ಥಿ ನಿಲಯ. ಗುಡಿಯಲ್ಲ, ಹಾಸ್ಟೆಲ್ಲು. ನಮ್ಮ ಪೆಟ್ಟಿಗೆ ಎತ್ತ ಹೋಗಬೇಕೆಂಬುದಕ್ಕೆ ಅವರು ನೂರು ವರ್ಷದ ಹಿಂದೆಯೇ ದಾರಿ ತೋರಿಸಿದ್ದಾರೆ.

ಈಗ ನಮ್ಮ ಆಸ್ತಿ ಯಾವುದೆಂದು ಹೇಳುತ್ತೇವೆ. ನಾವು ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲಿಗರು. ಅವ್ವ ಕೂಲಿ ಮಾಡಿದ್ದಕ್ಕೆ, ಸರ್ಕಾರಿ ಹಾಸ್ಟೆಲ್ಲಿನ ಅನ್ನ ಇದ್ದದ್ದಕ್ಕೆ, ಸ್ಕಾಲರ್‌ಶಿಪ್ ಬಂದದ್ದಕ್ಕೆ, ನಿಪ್ಪಾಣಿಗೆ ನಡೆದು ಹೋದ ಹೆಸರಿಲ್ಲದ ಅಜ್ಜಂದಿರಿಗೆ, ಬೀದಿಯಲ್ಲಿ ಲಾಠಿ ತಿಂದ ದಲಿತ ಸಂಘರ್ಷ ಸಮಿತಿಯ ಅಣ್ಣಂದಿರಿಗೆ ನಾವು ಋಣಿಗಳು. ಈ ಡಿಗ್ರಿ ನಮ್ಮೊಬ್ಬರದಲ್ಲ, ನಮ್ಮ ಕೈಯಲ್ಲಿ ಇಟ್ಟ ಠೇವು. ನಾಳೆ ನೌಕರಿ ಸಿಕ್ಕರೆ ಪಗಾರವೂ ಠೇವು. ಬ್ಯಾಂಕಿನವನು ಠೇವನ್ನು ನುಂಗಿದರೆ ಕಳ್ಳ ಎನ್ನುತ್ತೇವೆ. ಓದಿ ನೌಕರಿ ಹಿಡಿದು ಓಣಿ ಮರೆತವನನ್ನು ಏನೆನ್ನಬೇಕು? 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು, ಓದಿದವರೇ ನನಗೆ ಮೋಸ ಮಾಡಿದರು ಎಂದು ನೊಂದುಕೊಂಡರು. ಆ ನೋವು ನಮ್ಮ ಕಡೆಗೇ ಬೆರಳು ಮಾಡುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ. ದಿನಕ್ಕೆ ನಾನೂರು ರೂಪಾಯಿ ಕೂಲಿ ತರುವ ಹೆಣ್ಣಾಳಿಗೆ ಇಪ್ಪತ್ತರಲ್ಲೊಂದು ಎಂದರೆ ಇಪ್ಪತ್ತು ರೂಪಾಯಿ. ಅದು ಅವಳ ಸಂಜೆಯ ಕಾಯಿಪಲ್ಲೆ. ತಿಂಗಳಿಗೆ ಎಂಬತ್ತು ಸಾವಿರ ಎಣಿಸುವ ನೌಕರನಿಗೆ ನಾಲ್ಕು ಸಾವಿರ. ಅದು ಅವನ ಊಟದ ತಾಟನ್ನು ಮುಟ್ಟುವುದಿಲ್ಲ. ಪಾಲು ಒಂದೇ, ನೋವು ಒಂದೇ ಅಲ್ಲ. ಹಾಗಾದರೆ ಕೂಲಿಯವಳಿಗೆ ಮಾಫಿ ಮಾಡೋಣವೇ? ಮಾಡೋಣ ಎಂದಿದ್ದೆವು. ಆಯಿ ಸಿಟ್ಟಾದಳು. “ನನ್ನ ಮಾಫಿ ಮಾಡ್ತೀರೇನು? ನಾಳೆ ಲೆಕ್ಕ ಕೇಳಾಕ ನಿಂತ್ರ, ನೀ ಏನ್ ಕೊಟ್ಟೀಯವ್ವಾ ಅಂತೀರಿ.” ಅವಳ ಮಾತಿನಲ್ಲಿ ಸತ್ಯವಿತ್ತು. ಕೊನೆಗೆ ಹೀಗೆ ಗೊತ್ತುಮಾಡಿದೆವು: ಪಗಾರದವರಿಗೆ ಇಪ್ಪತ್ತರಲ್ಲೊಂದು ಕಡ್ಡಾಯ, ಅದಕ್ಕೆ ಕಡಿಮೆ ಇಲ್ಲ. ಕೂಲಿಯವರು ತಾವು ಎಷ್ಟು ಎನ್ನುತ್ತಾರೋ ಅಷ್ಟು. ಒಂದು ರೂಪಾಯಿ ಕೊಟ್ಟವಳಿಗೂ ನಾಲ್ಕು ಸಾವಿರ ಕೊಟ್ಟವನಿಗೂ ಸಭೆಯಲ್ಲಿ ಒಂದೇ ಕೈ, ಒಂದೇ ಮತ.

ಇನ್ನೊಂದು ಪ್ರಶ್ನೆ ಎದ್ದಿತು. ಸರ್ಕಾರ ಮಾಡಬೇಕಾದ ಕೆಲಸಕ್ಕೆ ನಾವು ಪೆಟ್ಟಿಗೆ ಬಿಚ್ಚಿದರೆ ಸರ್ಕಾರ ಕೈ ತೊಳೆದುಕೊಳ್ಳುವುದಿಲ್ಲವೇ? ತೊಳೆದುಕೊಳ್ಳುತ್ತದೆ. ನಮ್ಮ ಪಾಲಿನ ಹಣ ಬೇರೆ ಕಡೆ ಹರಿಯಬಾರದೆಂದು ಕರ್ನಾಟಕದಲ್ಲಿ 2013ರಲ್ಲಿ ಎಸ್.ಸಿ.ಎಸ್.ಪಿ., ಟಿ.ಎಸ್.ಪಿ. ಕಾಯಿದೆ ಬಂತು. ಅದರ 7ಡಿ ಕಲಮು ಹಿಂಬಾಗಿಲಾಗಿತ್ತು. ಹೋರಾಟದ ಮೇಲೆ 2023ರಲ್ಲಿ ಆ ಕಲಮು ಹೋಯಿತು. ಆದರೂ 2023-24ರಲ್ಲಿ 11 ಸಾವಿರ ಕೋಟಿಗೂ ಮಿಕ್ಕಿದ ಹಣ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಅದರ ಮುಂದೆ ನಮ್ಮ ಪೆಟ್ಟಿಗೆ ಎಷ್ಟರದು? ಆದ್ದರಿಂದ ನಮ್ಮ ರೊಕ್ಕ ಸರ್ಕಾರದ ಬದಲಿಯಾಗಬಾರದು, ಸರ್ಕಾರದಿಂದ ವಸೂಲಿ ಮಾಡುವ ಕೈಗೆ ಬಲವಾಗಬೇಕು.

ಉದಾಹರಣೆ ಕೊಡುತ್ತೇವೆ. ದೌರ್ಜನ್ಯದ ಕೇಸಿನಲ್ಲಿ ಸಾಕ್ಷಿ ಹೇಳಲು ಹಳ್ಳಿಯಿಂದ ಬೆಳಗಾವಿ ಕೋರ್ಟಿಗೆ ಬರುವವನಿಗೆ ಅಂದಿನ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೀಳುತ್ತದೆ. ಎರಡು ಸಲ ಬರುತ್ತಾನೆ, ಮೂರನೇ ಸಲ ಬರುವುದಿಲ್ಲ. ಕೇಸು ಬೀಳುತ್ತದೆ. 1989ರ ಕಾಯಿದೆಯ ಕೆಳಗೆ 1995ರಲ್ಲಿ ಆದ ನಿಯಮಗಳಲ್ಲಿ ಸಾಕ್ಷಿದಾರರಿಗೆ ಪ್ರಯಾಣಭತ್ಯೆ, ದಿನಭತ್ಯೆ ಕೊಡಬೇಕೆಂದು ಬರೆದಿದೆ. ಇದು ಎಷ್ಟು ಜನಕ್ಕೆ ಗೊತ್ತು? ನಾವು ಅಂದೇ ಪೆಟ್ಟಿಗೆಯಿಂದ ಕೊಡುತ್ತೇವೆ, ಆಮೇಲೆ ಅರ್ಜಿ ಹಾಕಿ ಸರ್ಕಾರದಿಂದ ತಂದು ಪೆಟ್ಟಿಗೆಗೆ ಹಾಕುತ್ತೇವೆ. ಸಾಲದ ಮಾತೂ ಹಾಗೆಯೇ. ಮೈಕ್ರೊಫೈನಾನ್ಸಿನವರ ಕಾಟಕ್ಕೆ ಜನ ಊರು ಬಿಟ್ಟಾಗ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಾನೂನು ಬಂತು, ಹೆರಿಗೆಯ ಖರ್ಚು ನಿಲ್ಲಲಿಲ್ಲ. ಅದಕ್ಕೆ ಭಿಶಿಯಂತೆ ಬಡ್ಡಿ ಇಲ್ಲದ ಕೈಗಡದ ಒಂದು ಚಿಕ್ಕ ಗಂಟು ಇಡುತ್ತೇವೆ.

ಎಲ್ಲಕ್ಕಿಂತ ಕಹಿಯಾದ ಮಾತು ಕಡೆಗೆ ಬಂತು. ನ್ಯಾಯ ಯಾರಿಗೆ? ನಮ್ಮವರಿಗೆ ಎಂದೆವು. ನಮ್ಮವರು ಎಂದರೆ ಯಾರು? ಸುತ್ತ ನೋಡಿಕೊಂಡೆವು. ವಿಹಾರದಲ್ಲಿ ಕೂತವರೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವರು. ಸಮಗಾರರು ಇರಲಿಲ್ಲ. ಮಾದಿಗರು ಇರಲಿಲ್ಲ. ಡೋಹರರು ಇರಲಿಲ್ಲ. ಕಕ್ಕಯ್ಯನನ್ನು ಭಾಷಣದಲ್ಲಿ ಹೊಗಳುವ ನಾವು ಅವನ ಮೊಮ್ಮಕ್ಕಳನ್ನು ಹುಣ್ಣಿವೆಗೆ ಕರೆದಿಲ್ಲ. 2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಮೀಸಲಾತಿಯ ಹದಿನೇಳನ್ನು 6, 6, 5 ಎಂದು ಹಂಚುವ ತೀರ್ಮಾನ ಮಾಡಿದಾಗ ಎಲ್ಲರೂ ತಮ್ಮ ತಮ್ಮ ಪಾಲಿನ ಲೆಕ್ಕ ಹಾಕಿದರು. ನಾವೂ ಹಾಕಿದೆವು. ಬುದ್ಧನ ಮುಂದೆ ಕೂತೂ ಜಾತಿ ಬಿಡದಿದ್ದರೆ ನಾವು ಮತಾಂತರ ಆದದ್ದು ಎಲ್ಲಿಂದ ಎಲ್ಲಿಗೆ? ಪೆಟ್ಟಿಗೆಯ ಬಾಯಿ ಒಂದೇ ಓಣಿಗೆ ತೆರೆದರೆ ಅದು ಸಂಘವಲ್ಲ, ಜಾತಿಯ ಪಂಚಾಯ್ತಿ.

ನಮ್ಮವರು ಎಂಬ ಮಾತಿನ ಬೇಲಿ ಇನ್ನೂ ಆಚೆ ಸರಿಯಬೇಕು. ಖಾನಾಪುರದ ಕಾಡಿನೊಳಗೆ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಹಳ್ಳಿಗಳಲ್ಲಿ ಮಳೆಗಾಲ ಬಂದರೆ ದಾರಿ ಕಡಿಯುತ್ತದೆ. 2024ರ ಮಳೆಗಾಲದಲ್ಲಿ ಆಮಗಾಂವದಿಂದ ಕಾಯಿಲೆಯ ಹೆಣ್ಣುಮಗಳೊಬ್ಬಳನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ತರಬೇಕಾಯಿತು. ಅವಳು ನಮ್ಮ ಜಾತಿಯವಳೋ ಅಲ್ಲವೋ ಎಂದು ಕೇಳುವ ಬಾಯಿ ಧಮ್ಮದ ಬಾಯಿಯಲ್ಲ. ಅವರ ರಸ್ತೆಗೆ, ಅವರ ಅರ್ಜಿಗೆ ನಮ್ಮ ಓದು ಬರಹ ಕೊಡಬೇಕು. ರೊಕ್ಕ ಇಲ್ಲದ ದಿನ ಅಕ್ಷರವೂ ಪಾಲೇ.

ಅಂದು ರಾತ್ರಿ ಆದ ತೀರ್ಮಾನ ಇಷ್ಟು. ಗುಮ್ಮಟ ಬೇಡ. ಹಿರಿಯರ ಗೌರವದ ಮಾತೂ ಸುಳ್ಳಲ್ಲ. ಸೋರುವ ತಗಡು ಬದಲಿಸುತ್ತೇವೆ, ಗೋಡೆಗೆ ಸುಣ್ಣ ಬಳಿಯುತ್ತೇವೆ. ಪೆಟ್ಟಿಗೆಯ ಅರ್ಧ ಹುಡುಗಿಯರ ಓದಿಗೆ. ಉಳಿದದ್ದರಲ್ಲಿ ಕೋರ್ಟಿನ ದಾರಿಖರ್ಚು, ಕೈಗಡ, ಅರ್ಜಿ ಬರೆಯುವ ಕೆಲಸ. ಒಂದು ಹುಣ್ಣಿವೆ ಬೆಳಗಾವಿಯಲ್ಲಿ, ಮುಂದಿನ ಹುಣ್ಣಿವೆ ಖಾನಾಪುರದಲ್ಲಿ, ವರ್ಷಕ್ಕೊಂದು ಕಕ್ಕೇರಿಯಲ್ಲಿ. ಕರೆಯದೆ ಬಿಟ್ಟವರ ಓಣಿಗೆ ನಾವೇ ಹೋಗಿ ಕರೆಯುತ್ತೇವೆ. ಬರಲಿ ಎಂದು ಕಾಯುವುದಿಲ್ಲ. ಲೆಕ್ಕದ ವಹಿ ಇಬ್ಬರು ಹೆಂಗಸರ ಕೈಯಲ್ಲಿ. ಇಷ್ಟು ವರ್ಷ ಅವರು ಹಿಂದೆ ಖೀರು ಕುದಿಸುತ್ತಿದ್ದರು, ನಾವು ಮುಂದೆ ರೊಕ್ಕ ಎಣಿಸುತ್ತಿದ್ದೆವು. ಆಯಿಗೆ ಓದಲು ಬರುವುದಿಲ್ಲ. ಪ್ರತಿ ಹುಣ್ಣಿವೆ ಅವಳ ಮುಂದೆ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು, ಅವಳು ತಲೆಯಾಡಿಸಿದ ಮೇಲೆ ಸಹಿ.

ಇದು ಕ್ರಾಂತಿಯಲ್ಲ ಎಂದು ಕೆಲವು ಗೆಳೆಯರು ನಗಬಹುದು. ನಗಲಿ. ಬುದ್ಧನ ಭಿಕ್ಕು ಪರಿಪೂರ್ಣ ಮನುಷ್ಯನೋ ಸಮಾಜದ ಸೇವಕನೋ ಎಂಬ ಪ್ರಶ್ನೆಯನ್ನು ಬಾಬಾಸಾಹೇಬರು ತಮ್ಮ ಕಡೆಯ ಪುಸ್ತಕದ ಆರಂಭದಲ್ಲೇ ಇಟ್ಟರು. ನಾವು ಪರಿಪೂರ್ಣರಲ್ಲ. ಬಸ್ಸಿನ ದಾರಿಖರ್ಚು ಲೆಕ್ಕ ಹಾಕುವವರು. ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಲ್ಲೂ ಒಂದು ಪೆಟ್ಟಿಗೆ ಇರುತ್ತದೆ. ಅದು ವಿಹಾರದ್ದಿರಲಿ, ಮಠದ್ದಿರಲಿ, ಚರ್ಚಿನದಿರಲಿ, ಜಯಂತಿಯ ಪಟ್ಟಿಯದಿರಲಿ. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ: ಈ ರೊಕ್ಕ ಯಾರದು? ಯಾರೂ ಉತ್ತರ ಹೇಳದಿದ್ದರೆ ಕೂಡಬೇಡಿ. ನಿಂತೇ ಇರಿ.