ಮನೆಯ ಅಲಂಕಾರವೂ ಮನದ ನಾಚಿಕೆಯೂ

ಗೃಹಸ್ಥನಾದವನು ತನ್ನ ಮನೆಯನ್ನು ಅಂದವಾಗಿ ಇಟ್ಟುಕೊಳ್ಳಬೇಕೆಂದು ಬಯಸುವುದು ದೋಷವಲ್ಲ. ಸಾರಿಸಿದ ಅಂಗಳ, ತೊಳೆದ ಹೊಸ್ತಿಲು, ಶುಚಿಯಾದ ಪೂಜಾಸ್ಥಾನ ಇವು ಭಕ್ತನ ಮನೆಯ ಲಕ್ಷಣಗಳೇ ಆಗಿವೆ. ಆದರೆ ಗಟ್ಟಿಯಾಗಿಯೂ ಸುಖವಾಗಿಯೂ ಇರುವ ಮನೆಯನ್ನು ಕಂಡು ಅದರ ಒಡೆಯನೇ ನಾಚತೊಡಗಿದರೆ, ಆ ನಾಚಿಕೆ ಎಲ್ಲಿಂದ ಬಂದಿತೆಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ನೆಲದ ಚರಿತ್ರೆಯೊಂದೇ ಸಾಕಾದ ದೃಷ್ಟಾಂತ. ಸಿಮೆಂಟಿನೊಡನೆ ಕೆಂಪು ಪುಡಿಯನ್ನು ಬೆರೆಸಿ, ಕರಣೆಯಿಂದ ತೀಡಿ ತೀಡಿ ನುಣುಪುಗೊಳಿಸಿದ ಕಾವಿಯ ನೆಲವು ಒಂದು ಕಾಲಕ್ಕೆ ಕನ್ನಡ ನಾಡಿನಲ್ಲಿ ಅನುಕೂಲಸ್ಥರ ಮನೆಯ ಗುರುತಾಗಿತ್ತು. ಒರಸಿ ನಡೆದಾಡಿದಷ್ಟೂ ಹೊಳಪೇರುವುದು ಅದರ ಗುಣ. ತರುವಾಯ ಮೊಸಾಯಿಕ್ ಬಂದಿತು. ಕೆಂಪು ನೆಲ ಹಳೆಯದೆನಿಸಿತು. ಅಮೃತಶಿಲೆಯೂ ಗ್ರಾನೈಟೂ ಬಂದವು; ಮೊಸಾಯಿಕ್ ಹಳೆಯದೆನಿಸಿತು. ಅನಂತರ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಬಿಲ್ಲೆಗಳು ಮನೆಮನೆಯನ್ನೂ ಹೊಕ್ಕವು. ಈಗಲಾದರೋ ನಗರಗಳಲ್ಲಿ ಹೊಸ ಮನೆ ಕಟ್ಟಿಸುವ ಕೆಲವರು, ಬಲ್ಲ ಕೆಲಸಗಾರರನ್ನು ಹುಡುಕಿ ತಂದು ಅದೇ ಕೆಂಪು ನೆಲವನ್ನು ಮಾಡಿಸುತ್ತಿದ್ದಾರೆ. ನೆಲ ಮಾರ್ಪಡಲಿಲ್ಲ; ನೋಡುವ ಕಣ್ಣು ಮಾರ್ಪಟ್ಟಿತು. ಹಾಗಾದರೆ ನಡುವೆ ಅಗೆದು ಹೊರಹಾಕಿದ ನೆಲಗಳು ಮಾಡಿದ ಅಪರಾಧವೇನು?

ಇಂದು ಮೆಚ್ಚುಗೆ ಪಡೆದಿರುವ ಜಿಪ್ಸಮ್ ಹಲಗೆಯ ಒಳಛಾವಣಿ, ಅದರ ಅಂಚಿನಲ್ಲಿ ಅಡಗಿಸಿದ ಬಣ್ಣದ ದೀಪಗಳು, ಟಿ.ವಿ.ಯ ಹಿಂಬದಿಗೆ ಅಂಟಿಸಿದ ಅಮೃತಶಿಲೆಯಂತೆ ತೋರುವ ಪ್ಲಾಸ್ಟಿಕ್ ಫಲಕಗಳು, ಗೋಡೆಯಿಂದ ಕುರ್ಚಿಯವರೆಗೆ ಒಂದೇ ಬೂದು ಬಣ್ಣ, ಇವುಗಳ ಗತಿಯೂ ಬೇರೆಯಾಗಲಾರದು. ಸಾಲದ ಕಂತು ತೀರುವ ಮುನ್ನವೇ ಇವು ಹಳೆಯವೆನಿಸಿಕೊಳ್ಳಬಹುದು.

ಹಾಗೆಂದು ಹಳೆಯದೆಲ್ಲವೂ ಶ್ರೇಷ್ಠವೆಂದು ಹೇಳುವುದು ವಿವೇಕವಲ್ಲ. ಹೊಗೆ ತುಂಬಿದ ಕತ್ತಲೆಯ ಅಡುಗೆಮನೆಯಲ್ಲಿ ಬಗ್ಗಿ ಬಗ್ಗಿ ಒಲೆಯೂದಿದ ತಾಯಂದಿರ ಕಣ್ಣೂ ಶ್ವಾಸವೂ ಕೆಟ್ಟವು. ನಿಂತು ಅಡಿಗೆ ಮಾಡುವ ಕಟ್ಟೆ, ಬೆಳಕು ಬರುವ ಕಿಟಕಿ, ಸಮೀಪದ ನೀರು ಇವು ಅವರ ಕಾಯಕವನ್ನು ಹಗುರಗೊಳಿಸಿವೆ. ಇಂತಹ ಮಾರ್ಪಾಟು ಎಂದಿಗೂ ಹಳತಾಗದು. ಏಕೆಂದರೆ ಅದು ಹುಟ್ಟಿದುದು ಅಗತ್ಯದಿಂದ, ಸರೀಕರ ನೋಟದಿಂದಲ್ಲ.

೧೨ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ಮಹಾಮನೆಯೆಂಬ ಹೆಸರು ಬಂದಿತು. ಅದರ ಕಂಬಗಳ ಕೆತ್ತನೆಯನ್ನಾಗಲಿ ಗೋಡೆಯ ಬಣ್ಣವನ್ನಾಗಲಿ ಶರಣಪರಂಪರೆ ನೆನೆಯುವುದಿಲ್ಲ. ಅಲ್ಲಿ ನಡೆದ ದಾಸೋಹವನ್ನು ನೆನೆಯುತ್ತದೆ. ಆ ಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತನು ಎಂದಿಗಿಂತ ಹೆಚ್ಚಾಗಿ ತಂದಾಗ, ಪತ್ನಿ ಲಕ್ಕಮ್ಮನು ಮಿಕ್ಕುದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಬಡವರ ಮನೆಯಲ್ಲಿ ಅಕ್ಕಿ ಹೆಚ್ಚಾದರೆ ತೊಂದರೆಯೇನೆಂದು ಲೋಕ ಕೇಳಬಹುದು. ಆಕೆಗೆ ತಮ್ಮ ಅಗತ್ಯದ ಅಳತೆ ತಿಳಿದಿತ್ತು. ಆ ಅಳತೆಯನ್ನು ಆಕೆ ನೆರೆಮನೆಯಿಂದ ಎರವಲು ತರಲಿಲ್ಲ.

ಅಳತೆ ಎರವಲಾದಾಗ ಆಗುವ ಹಾನಿ ಹಣದಲ್ಲಿಯೇ ನಿಲ್ಲುವುದಿಲ್ಲ. ದಾರಿಗನು ಕುಳಿತು ದಣಿವಾರಿಸಿಕೊಳ್ಳುತ್ತಿದ್ದ ಹೊರಜಗಲಿ ಒಡೆದುಹೋಗುತ್ತದೆ. ಪಡಸಾಲೆಯಲ್ಲಿದ್ದ ಮುದುಕಿಯ ಮಂಚವು ಸೊಬಗಿಗೆ ಒಪ್ಪುವುದಿಲ್ಲವೆಂದು ಒಳಕೋಣೆ ಸೇರುತ್ತದೆ. ಬಂದುಹೋಗುವವರ ಮಾತು ಅವಳಿಗೆ ದೂರವಾಗುತ್ತದೆ. ನುಣುಪಾದ ನೆಲದ ಮೇಲೆ ಅವಳ ಕಾಲು ಜಾರುತ್ತದೆ. ಹೊಲದಿಂದ ಬಂದ ಆಳು ಮಣ್ಣುಗಾಲಿನಲ್ಲಿ ಒಳಗಡಿಯಿಡಲು ಅಳುಕಿ ಬಾಗಿಲಲ್ಲಿಯೇ ನಿಲ್ಲುತ್ತಾನೆ. ಆತನನ್ನು ಯಾರೂ ತಡೆದಿಲ್ಲ, ನೆಲವೇ ತಡೆಯಿತು. ಇಂತು ಯಾರೂ ಬಯಸದೆಯೇ ದಾಸೋಹದ ಬಾಗಿಲು ಕಿರಿದಾಗುತ್ತದೆ.

ಅಂಗೈಯನ್ನೇ ಪೀಠವಾಗಿಸಿ ಇಷ್ಟಲಿಂಗವನ್ನು ಪೂಜಿಸುವ ಭಕ್ತನಿಗೆ ದೇವರ ಮುಂದೆ ವೈಭವ ತೋರಬೇಕಾದ ಅಗತ್ಯವಿಲ್ಲ. ದೇವರ ಮುಂದೆ ಬೇಡವಾದುದು ನೆರೆಯವರ ಮುಂದೆ ಏಕೆ ಬೇಕು?

ಆದಕಾರಣ ಮನೆಯನ್ನು ಕಟ್ಟಿಸುವ, ಮಾರ್ಪಡಿಸುವ ಭಕ್ತರು ಮೂರು ವಿಷಯಗಳನ್ನು ಆಲೋಚಿಸುವುದು ಯುಕ್ತ. ಇದರಿಂದ ಮನೆಯಲ್ಲಿ ದುಡಿಯುವವರ ಶ್ರಮ ಕಡಿಮೆಯಾಗುವುದೇ? ಬಂದವರಿಗೆ ಎಡೆ ಹೆಚ್ಚುವುದೋ ಕುಗ್ಗುವುದೋ? ಇದರ ವೆಚ್ಚ ಸತ್ಯಶುದ್ಧ ಕಾಯಕದ ಗಳಿಕೆಯಿಂದ ಸಲ್ಲುವುದೋ, ಸಾಲದ ಹೊರೆಯಿಂದಲೋ? ಈ ಮೂರಕ್ಕೂ ಸಮಾಧಾನದ ಉತ್ತರ ದೊರೆತರೆ ಹೊಸದನ್ನು ಸಂತೋಷದಿಂದ ಮಾಡಿಸಬಹುದು. ದೊರೆಯದಿದ್ದರೆ, ಇರುವ ನೆಲವನ್ನೇ ತೊಳೆದು, ಬಂದವರಿಗೆ ಚಾಪೆ ಹಾಸಿ, ನಾಚಿಕೆಯಿಲ್ಲದೆ ಕುಳ್ಳಿರೆಂದು ಹೇಳುವುದೇ ಲೇಸು.