ಮಾದಕವಸ್ತು ಹೊರಗಿರಲಿ, ವಿದ್ಯಾರ್ಥಿ ಒಳಗಿರಲಿ

ತಮಿಳುನಾಡಿನ ಥೇಣಿಯಿಂದ ಕೇರಳದ ಕುಮಳಿಗೆ ಹೋಗುವ ಹೆದ್ದಾರಿಯಲ್ಲಿ ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ ಒಂದರ ಹಿಂದೆ ಒಂದು ಬರುತ್ತವೆ. ಒಂದು ಪಕ್ಕ ಮೇಘಮಲೆ, ಇನ್ನೊಂದು ಪಕ್ಕ ಇಡುಕ್ಕಿಯ ಏಲಕ್ಕಿ ಬೆಟ್ಟಗಳು. ನಡುವೆ ಪೆರಿಯಾರ್ ನೀರಿನಲ್ಲಿ ಬೆಳೆಯುವ ಭತ್ತ, ಬಾಳೆ, ದ್ರಾಕ್ಷಿ. ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದ ಒಕ್ಕಲಿಗ ಕಾಪಿಲಿಯರು ಬೇರೂರಿದ ಕಣಿವೆ ಇದು. ಉತ್ತಮಪಾಳ್ಯಂನಲ್ಲಿ 1956ರಿಂದ ಹಾಜಿ ಕರುತ್ತ ರಾವುತರ್ ಹೌದಿಯಾ ಕಾಲೇಜಿದೆ. ಕಂಬಂನಲ್ಲಿ ಆದಿಚುಂಚನಗಿರಿಯ ಹೆಸರು ಹೊತ್ತ ಮಹಿಳಾ ಕಾಲೇಜಿದೆ. ಇದೇ ಕಣಿವೆಗೆ ಒಂದು ಅಪಖ್ಯಾತಿಯೂ ಅಂಟಿದೆ. ಇಡುಕ್ಕಿಯ ಕಾಡಿನಂಚಿನಲ್ಲಿ ಕದ್ದು ಬೆಳೆದ ಗಾಂಜಾ ದಶಕಗಳ ಕಾಲ ಕಂಬಂ ಮೂಲಕ ಮಾರುಕಟ್ಟೆ ಸೇರುತ್ತಿತ್ತು. ಆ ಬೆಳೆಯನ್ನು ಬಹುಮಟ್ಟಿಗೆ ಕಿತ್ತುಹಾಕಿದ ಮೇಲೂ ವ್ಯಾಪಾರ ನಿಲ್ಲಲಿಲ್ಲ. ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಿಂದ ಸರಕು ಬರತೊಡಗಿತು. ಇಲ್ಲಿಂದ ಅದು ಘಾಟಿ ಹತ್ತಿ ಕೇರಳಕ್ಕೆ ಹೋಗುತ್ತದೆ, ಪೊಲೀಸರ ಕೈಗೆ ಆಗಾಗ ಸಿಕ್ಕಿಬೀಳುತ್ತದೆ. ಬೆಳೆ ಹೋದರೂ ದಾರಿ, ದಲ್ಲಾಳಿ, ಗಿರಾಕಿ ಉಳಿದರು. ಇಂಥ ಕಡೆ ಕಾಲೇಜಿನ ಆವರಣವನ್ನು ಮದ್ಯ ಮತ್ತು ಮಾದಕವಸ್ತುಗಳಿಂದ ದೂರ ಇಡುವುದು ಹೇಗೆ ಎಂಬ ಪ್ರಶ್ನೆ ವೇದಿಕೆಯ ಭಾಷಣದಲ್ಲಿ ಮುಗಿಯುವಂಥದ್ದಲ್ಲ.

ಈ ಕೆಲಸವನ್ನು ಕಾಲೇಜುಗಳು ಎರಡು ಬಗೆಯಲ್ಲಿ ಮಾಡಬಹುದು. ವಸ್ತುವನ್ನು ಗೇಟಿನಿಂದಾಚೆ ನಿಲ್ಲಿಸುವುದು ಒಂದು. ಅದನ್ನು ಬಳಸಿದ ಹುಡುಗನನ್ನು ಗೇಟಿನಿಂದಾಚೆ ತಳ್ಳುವುದು ಇನ್ನೊಂದು. ಮೊದಲನೆಯದು ಕಷ್ಟದ ಕೆಲಸ, ಎರಡನೆಯದಕ್ಕೆ ಒಂದು ಟಿ.ಸಿ. ಸಾಕು. ಅದರಿಂದಲೇ ಎರಡನೆಯದನ್ನು ಮಾಡಿ ಮೊದಲನೆಯದು ಆಯಿತೆಂದು ವರದಿ ಬರೆಯುವ ಆಸೆ ಹುಟ್ಟುತ್ತದೆ. ನನ್ನ ವಾದ ಇಷ್ಟೇ: ಆವರಣ ಎಷ್ಟು ಶುದ್ಧವಾಗಿದೆ ಎಂಬುದನ್ನು ಎಷ್ಟು ಜನರನ್ನು ಹೊರಹಾಕಿದೆವು ಎಂಬ ಲೆಕ್ಕದಿಂದ ಅಳೆಯಬಾರದು, ಸಿಕ್ಕಿಬೀಳುವ ಮೊದಲೇ ತಾನಾಗಿ ಬಂದು ‘ನನಗೆ ಬಿಡಲಾಗುತ್ತಿಲ್ಲ ಸಾರ್’ ಎನ್ನುವ ಧೈರ್ಯ ಎಷ್ಟು ಮಂದಿಗೆ ಬಂದಿದೆ ಎಂಬುದರಿಂದ ಅಳೆಯಬೇಕು.

ಇದನ್ನು ಸಡಿಲಿಕೆಯ ವಾದವೆಂದು ಯಾರೂ ತಿಳಿಯಬಾರದು. ಆವರಣದೊಳಗೆ ಮದ್ಯವಾಗಲಿ ಗಾಂಜಾ ಆಗಲಿ ಇರಲೇಕೂಡದು ಎಂಬಲ್ಲಿ ನನಗೆ ಅನುಮಾನವಿಲ್ಲ. ‘ಹದಿನೆಂಟು ತುಂಬಿದವರಿಗೆ ಓಟು ಹಾಕುವ ಹಕ್ಕಿದೆ, ತಮ್ಮ ದೇಹದ ಮೇಲೆ ಹಕ್ಕಿಲ್ಲವೇ?’ ಎಂಬ ಆಕ್ಷೇಪ ಹಗುರವಾದದ್ದಲ್ಲ. ಜಾನ್ ಸ್ಟೂವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ಮದ್ಯನಿಷೇಧವನ್ನೇ ವಿರೋಧಿಸಿದ್ದ. ಆದರೆ ಮನುಷ್ಯ ತನ್ನನ್ನು ತಾನೇ ಗುಲಾಮನಾಗಿ ಮಾರಿಕೊಳ್ಳುವ ಒಪ್ಪಂದವನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸಲಾಗದು ಎಂದವನೂ ಅವನೇ. ಚಟ ಅಂಥದೇ ಒಂದು ಒಪ್ಪಂದ. ಅದಕ್ಕೆ ಸಹಿ ಹಾಕುವ ದಿನ ಹಾಕುತ್ತಿದ್ದೇನೆಂಬುದು ತಿಳಿದಿರುವುದಿಲ್ಲ, ಅಷ್ಟೆ. ಇನ್ನೂ ಮುಖ್ಯವಾದ ಮಾತಿದೆ. ಹಾಸ್ಟೆಲಿನ ಒಂದು ಕೋಣೆಯಲ್ಲಿ ಮೂರು ನಾಲ್ಕು ಮಂದಿ ಇರುತ್ತಾರೆ. ಒಬ್ಬ ಸೀನಿಯರ್ ಬಾಟಲಿ ತೆರೆದಾಗ ಉಳಿದವರ ಪಾಲಿಗೆ ಅದು ಆಯ್ಕೆಯಾಗಿ ಉಳಿಯದೆ ಪರೀಕ್ಷೆಯಾಗುತ್ತದೆ. ಏಲಕ್ಕಿ ತೋಟದ ಕೂಲಿಯ ಮಗ, ವಂಶದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು, ಆ ಹೊತ್ತಿನಲ್ಲಿ ‘ಬೇಡಣ್ಣ’ ಎನ್ನುವುದಕ್ಕೆ ಬೆನ್ನಿಗೊಂದು ನಿಯಮ ಬೇಕು. ನಿಷೇಧವು ಕುಡಿಯುವವನ ಹಕ್ಕನ್ನು ಕಿತ್ತುಕೊಳ್ಳುವುದಕ್ಕಿಂತ ಹೆಚ್ಚಾಗಿ ಕುಡಿಯಲೊಲ್ಲದವನ ಹಕ್ಕನ್ನು ಕಾಯುತ್ತದೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಕುಡಿದಿದ್ದ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಮೊದಲ ವರ್ಷದ ಹುಡುಗನೊಬ್ಬ ಸತ್ತ. ಯುಜಿಸಿಯ ರ‍್ಯಾಗಿಂಗ್ ವಿರೋಧಿ ನಿಯಮಗಳು ಬಂದದ್ದು ಅದೇ ವರ್ಷ. ಒಬ್ಬನ ಕುಡಿತ ಅವನ ಸ್ವಂತ ವಿಷಯವೆಂಬ ಮಾತು ಹಾಸ್ಟೆಲಿನ ಗೋಡೆಗಳ ನಡುವೆ ನಿಲ್ಲುವುದಿಲ್ಲ.

ನಿಷೇಧ ಸರಿಯೆಂದಾದರೆ ಅದನ್ನು ಮೀರಿದವನನ್ನು ಏನು ಮಾಡಬೇಕು? ಇಲ್ಲಿ ನಮ್ಮ ಕಾನೂನು ಅನೇಕ ಕಾಲೇಜುಗಳ ನಡವಳಿಕೆಗಿಂತ ವಿವೇಕವುಳ್ಳದ್ದು. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ ಕಠೋರವೆಂದೇ ಹೆಸರಾಗಿದೆ. ಗಾಂಜಾ 20 ಕಿಲೋ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಕನಿಷ್ಠ ಹತ್ತು ವರ್ಷ. ಅದೇ ಕಾಯ್ದೆಯ 64ಎ ಕಲಮು ಚಟಕ್ಕೆ ಬಿದ್ದವನೊಬ್ಬ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತಿದ್ದರೂ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಅವನನ್ನು ಮೊಕದ್ದಮೆಯಿಂದ ಬಿಡಿಸುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಕೈಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಲೂಬಹುದು. ಮಾರುವವನನ್ನೂ ಸಿಕ್ಕಿಕೊಂಡವನನ್ನೂ ಸಂಸತ್ತು ಬೇರೆ ಬೇರೆಯಾಗಿ ಕಂಡಿದೆ. ಇಬ್ಬರಿಗೂ ಒಂದೇ ಟಿ.ಸಿ. ಕೊಡುವ ಕಾಲೇಜು ಸಂಸತ್ತಿಗಿಂತ ನಿಷ್ಠುರವಾಗಬೇಕಾದ ಕಾರಣವೇನು? ಹೊರಹಾಕಿದ ಹುಡುಗ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿಕೊಳ್ಳಬೇಕು. ತರಗತಿಯಿಲ್ಲ, ಗೆಳೆಯರಿಲ್ಲ, ಮನೆಯಲ್ಲಿ ಮುಖವಿಲ್ಲ. ಈ ಕಣಿವೆಯಲ್ಲಿ ಅಂಥವನನ್ನು ಕಾದು ಕೂತಿರುವವರು ದಲ್ಲಾಳಿಗಳೇ. ನಿನ್ನೆ ಗಿರಾಕಿಯಾಗಿದ್ದವನು ನಾಳೆ ಚೀಲ ಹೊರುವ ಆಳಾಗುತ್ತಾನೆ, ತನ್ನ ಹಳೆಯ ಕಾಲೇಜಿನ ಗೇಟಿನ ಬಳಿಗೇ ಬಂದು ನಿಲ್ಲುತ್ತಾನೆ. 2019ರಲ್ಲಿ ಪ್ರಕಟವಾದ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಮತ್ತು ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ಬಾಯಿ ಕಟ್ಟಿರುವುದರಲ್ಲಿ ಆಸ್ಪತ್ರೆಗಳ ಕೊರತೆಯ ಜೊತೆಗೆ ನಾಚಿಕೆಗೂ ಭಯಕ್ಕೂ ಪಾಲಿದೆ. ಆ ನಾಚಿಕೆ-ಭಯಗಳನ್ನು ಕಾಲೇಜು ಹೆಚ್ಚಿಸಬಾರದು.

‘ಭಯವಿಲ್ಲದಿದ್ದರೆ ಶಿಸ್ತು ಎಲ್ಲಿಯದು? ಒಬ್ಬನನ್ನು ಕ್ಷಮಿಸಿದರೆ ಹತ್ತು ಮಂದಿ ಕಲಿಯುತ್ತಾರೆ’ ಎಂಬುದು ಪ್ರಾಂಶುಪಾಲರು, ತಂದೆತಾಯಿಗಳು ಪ್ರಾಮಾಣಿಕವಾಗಿ ಹೇಳುವ ಮಾತು. ಭಯ ಕೆಲಸ ಮಾಡುತ್ತದೆ, ನಿಜ. ಆದರೆ ಅದು ಮೊದಲು ಮಾಡುವ ಕೆಲಸ ಬಚ್ಚಿಡಿಸುವುದು. ಮೂತ್ರ ಪರೀಕ್ಷೆಯ ಸಲಹೆಯನ್ನೇ ನೋಡಿ. ನಿತ್ಯ ಸೇದುವವನ ಮೂತ್ರದಲ್ಲಿ ಗಾಂಜಾದ ಗುರುತು ವಾರಗಟ್ಟಲೆ ಉಳಿಯುತ್ತದೆ. ಹೆರಾಯಿನ್‌ನಂಥದ್ದು ಎರಡು ಮೂರು ದಿನಗಳಲ್ಲಿ ಮಾಯವಾಗುತ್ತದೆ. ಸಿಕ್ಕಿಬೀಳುವ ಭಯವೊಂದೇ ಇದ್ದರೆ ಹುಡುಗ ಹೆಚ್ಚು ಅಪಾಯದ, ಬೇಗ ಅಳಿಸಿಹೋಗುವ ವಸ್ತುವಿನ ಕಡೆ ಹೊರಳಲು ಕಾರಣವಿದೆ. ಭಯ ಇರಬೇಕಾದದ್ದು ಮಾರುವವನಿಗೆ. ಆವರಣದೊಳಗೆ ಪೊಟ್ಟಣ ಹಂಚಿದವನು ವಿದ್ಯಾರ್ಥಿಯೇ ಆಗಿದ್ದರೂ ಅವನಿಗೆ ರಿಯಾಯಿತಿ ಕೂಡದು, ಪೊಲೀಸರಿಗೆ ತಿಳಿಸಲೇಬೇಕು. ಬಳಸಿದವನಿಗೆ ಷರತ್ತು ಇರಲಿ: ಚಿಕಿತ್ಸೆ, ಆಪ್ತಸಮಾಲೋಚನೆ, ಬೇಕಾದರೆ ಒಂದು ಸೆಮಿಸ್ಟರ್ ಹಾಸ್ಟೆಲಿನಿಂದ ದೂರ; ಆದರೆ ಪರೀಕ್ಷೆ ಬರೆಯುವ ಬಾಗಿಲು ಮುಚ್ಚಬಾರದು. ಇದು ಕ್ಷಮೆಗಿಂತ ಕಷ್ಟದ ದಾರಿ, ಹುಡುಗನಿಗೂ ಕಾಲೇಜಿಗೂ.

ಗೇಟಿನಿಂದಾಚೆಗಿನ ಮಾತನ್ನೂ ಆಡಬೇಕು. ಕಾಲೇಜಿನಿಂದ 100 ಗಜದೊಳಗೆ ಬೀಡಿ, ಸಿಗರೇಟು ಮಾರುವಂತಿಲ್ಲ ಎನ್ನುತ್ತದೆ 2003ರ ಕೇಂದ್ರ ತಂಬಾಕು ಕಾಯ್ದೆ. ಅಂದರೆ ಸುಮಾರು 91 ಮೀಟರ್. ಅದೇ 2003ರ ತಮಿಳುನಾಡು ಮದ್ಯ ಮಾರಾಟ ನಿಯಮಗಳು ನಗರಸಭೆಯ ವ್ಯಾಪ್ತಿಯಲ್ಲಿ ಶಾಲೆ-ಕಾಲೇಜು ಮತ್ತು ಮದ್ಯದಂಗಡಿಯ ನಡುವೆ ಕೇಳಿದ ಅಂತರ 50 ಮೀಟರ್. ಈ ಕಣಿವೆಯ ಚಿನ್ನಮನೂರು ನಗರಸಭೆಯಾದ್ದರಿಂದ ಅಲ್ಲಿಗೂ ಆ ಅಳತೆಯೇ. ಬೀಡಿಗಿಂತ ಬ್ರಾಂದಿ ಕಾಲೇಜಿಗೆ ಹತ್ತಿರ ಬರಬಹುದೆಂದು ಬರೆದಿಟ್ಟ ವ್ಯವಸ್ಥೆ ಇದು. ಚಿಲ್ಲರೆ ಮದ್ಯ ಮಾರಾಟವನ್ನು 2003ರ ಕೊನೆಯಲ್ಲಿ ಸರ್ಕಾರದ ಟಾಸ್ಮಾಕ್ ನಿಗಮವೇ ವಹಿಸಿಕೊಂಡಿತು. 2023-24ರಲ್ಲಿ ಅದರಿಂದ ಬಂದ ವರಮಾನ 45 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿತ್ತು. 2022ರ ಆಗಸ್ಟ್‌ನಿಂದ ಮಾದಕಮುಕ್ತ ತಮಿಳುನಾಡಿನ ಪ್ರತಿಜ್ಞೆಯನ್ನು ವಿದ್ಯಾರ್ಥಿಗಳಿಂದ ಮಾಡಿಸುತ್ತಿರುವುದೂ ಇದೇ ಸರ್ಕಾರಿ ವ್ಯವಸ್ಥೆ. ಹಾಗಿದ್ದರೆ ಕಾಲೇಜಿಗೆ ಮಾತ್ರ ಯಾಕೆ ಈ ಹೊರೆ ಎಂದು ಕೇಳುವವರಿಗೆ ನನ್ನ ಉತ್ತರ: ರಾಜ್ಯದ ದ್ವಂದ್ವ ಕಾಲೇಜಿಗೆ ನೆಪವಾಗಬಾರದು, ಕಾಲೇಜಿನ ಶಿಸ್ತು ರಾಜ್ಯಕ್ಕೆ ಮರೆಯಾಗಬಾರದು. ಅಂತರವನ್ನು ಹೆಚ್ಚಿಸಿ ಎಂದು ಕೇಳುವ ಮೊದಲ ಅರ್ಜಿ ಕಾಲೇಜುಗಳಿಂದಲೇ ಹೋಗಲಿ.

ತರಗತಿ ಮುಗಿದ ಮೇಲೆ ಸಂಜೆಯನ್ನು ಹೇಗೆ ಕಳೆಯುವುದು ಎಂಬ ಪ್ರಶ್ನೆಯೂ ಇದೆ. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15-16 ವಯಸ್ಸಿನವರಲ್ಲಿ ಹಿಂದಿನ ತಿಂಗಳು ಕುಡಿದು ಮತ್ತರಾಗಿದ್ದವರು ಶೇ. 42 ಇದ್ದರು, 2016ರ ಹೊತ್ತಿಗೆ ಅದು ಶೇ. 5ಕ್ಕೆ ಇಳಿಯಿತು. ಕಾನೂನು ಬಿಗಿಯಾದದ್ದು ನಿಜ. ಜೊತೆಗೆ ಆಟ, ಸಂಗೀತ, ಕಲೆಗಳಿಗೆ ಹಣ ಹರಿಯಿತು, ತಂದೆತಾಯಿಗಳು ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆಯುವಂತಾಯಿತು. ಆ ಪುಟ್ಟ ಶ್ರೀಮಂತ ದೇಶ ನಮಗೆ ನೇರ ಮಾದರಿಯಾಗದು. ಆದರೂ ಒಂದು ಕಬಡ್ಡಿ ಅಂಗಳ, ರಾತ್ರಿ ಎಂಟರವರೆಗೆ ತೆರೆದಿರುವ ಗ್ರಂಥಾಲಯ ಕಂಬಂ ಕಣಿವೆಯ ಕಾಲೇಜುಗಳ ಕೈಗೆ ಎಟುಕದ ಐಶ್ವರ್ಯವೇನಲ್ಲ.

ಮಹಿಳಾ ಕಾಲೇಜುಗಳ ಬಗ್ಗೆ ಒಂದು ಮಾತು. ಅಲ್ಲಿನ ಹುಡುಗಿಯರಿಗೆ ಮದ್ಯದ ಕಾಟ ಹೆಚ್ಚಾಗಿ ಆವರಣದಲ್ಲಿಲ್ಲ, ಮನೆಯಲ್ಲಿದೆ: ಕುಡಿದು ಬರುವ ಅಪ್ಪ, ಹಾದಿ ತಪ್ಪುತ್ತಿರುವ ತಮ್ಮ. ಆಪ್ತಸಮಾಲೋಚನೆಯ ಕೋಣೆ ಅವರಿಗೂ ತೆರೆದಿರಬೇಕು. ಈ ಕಣಿವೆಯ ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನದೊಂದು ಕೋರಿಕೆ: ಸಿಕ್ಕಿಬಿದ್ದರೆ ವಜಾ ಎಂಬ ಫಲಕದ ಪಕ್ಕದಲ್ಲೇ, ತಾನಾಗಿ ಬಂದವನ ಹೆಸರು ಹೊರಬೀಳದು, ಸೀಟು ಹೋಗದು ಎಂಬ ಮಾತನ್ನೂ ತಮಿಳಿನಲ್ಲಿ ದೊಡ್ಡದಾಗಿ ಬರೆಸಿ, ಪ್ರವೇಶದ ದಿನವೇ ತಂದೆತಾಯಿಗಳ ಎದುರು ಓದಿ ಹೇಳಿ. ಅದರ ಕೆಳಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ ಇರಲಿ: 14446. ಆ ಕರೆಗೆ ಹಣ ಬೇಕಿಲ್ಲ.