ನಳ್ಳಿಯ ತಪ್ಪೇನು?

ಕ್ಯೂರಿಂಗ್ ಅಂದ್ರೆ ನಮ್ಮೂರಲ್ಲಿ ತಾರಸಿ ಹಾಕಿದ ಮೇಲೆ ಸಿಮೆಂಟಿಗೆ ನೀರು ಹೊಡೆಯೋದು. ಮಂಡ್ಯ ಕಡೆಯ ನಾನು ಕೆಲಸಕ್ಕೆ ಫ್ಲಾರಿಡಾಕ್ಕೆ ಬಂದು, ಉಪ್ಪುನೀರಿನ ಅಕ್ವೇರಿಯಂ ಹುಚ್ಚು ಹತ್ತಿಸಿಕೊಂಡ ಮೇಲೆಯೇ ಕಲ್ಲನ್ನೂ ಕ್ಯೂರ್ ಮಾಡ್ತಾರೆ ಅಂತ ಗೊತ್ತಾಗಿದ್ದು.

ಇದಕ್ಕೆ ಲೈವ್ ರಾಕ್ ಅಂತಾರೆ. ಕಲ್ಲಿಗೆ ಜೀವ ಇಲ್ಲ. ಅದರ ಸಂದಿಗೊಂದಿಯಲ್ಲಿರೋ ಬ್ಯಾಕ್ಟೀರಿಯಾ, ನೇರಳೆ ಪಾಚಿ, ಸ್ಪಂಜು, ಹುಳಗಳಿಗೆ ಇದೆ. ಇಲ್ಲಿನ ಕಡಲಿನಿಂದ ಸಹಜ ಕಲ್ಲು ಕೀಳೋದನ್ನು 1990ರ ದಶಕದಲ್ಲೇ ನಿಲ್ಲಿಸಿದ್ದಾರೆ. ಈಗ ಗುತ್ತಿಗೆ ಪಡೆದ ಕಡಲತಳಕ್ಕೆ ಸುಣ್ಣಕಲ್ಲು ಇಳಿಸಿ, ವರ್ಷಗಟ್ಟಲೆ ಬಿಟ್ಟು, ಮೇಲೆ ಜೀವ ಕೂತಮೇಲೆ ಎತ್ತಿ ಮಾರ್ತಾರೆ. ಒಂಥರಾ ಬೇಸಾಯವೇ. ಹಾಗಾಗಿ ಅಳುಕಿಲ್ಲದೆ 20 ಕೆಜಿ ತರಿಸಿದೆ.

ಒದ್ದೆ ಪೇಪರಿನಲ್ಲಿ ಸುತ್ತಿ ಬಂದ ಕಲ್ಲಿನಲ್ಲಿ ಎಷ್ಟೋ ಜೀವ ದಾರಿಯಲ್ಲೇ ಸತ್ತಿರುತ್ತೆ. ಸತ್ತದ್ದು ಕೊಳೆತು ಅಮೋನಿಯಾ ಆಗುತ್ತೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿದರೆ, ಇನ್ನೊಂದು ನೈಟ್ರೇಟ್ ಮಾಡುತ್ತೆ. ಗ್ಯಾರೇಜಿನಲ್ಲಿ ದೊಡ್ಡ ಪ್ಲಾಸ್ಟಿಕ್ ಡ್ರಮ್ಮು, ಹೀಟರು, ನೀರು ತಿರುಗಿಸೋ ಪಂಪು. ಕೊಳೆತ ಸ್ಪಂಜನ್ನು ಟೂತ್‌ಬ್ರಶ್ಶಿನಿಂದ ಉಜ್ಜಿ ತೆಗಿ, ನೀರು ಬದಲಿಸು, ಮತ್ತೆ ಉಜ್ಜು. ನಾತ ತಡೀಲಾರದೆ ಹೆಂಡತಿ ಬಾಗಿಲ ಸಂದಿಗೆ ಟವೆಲ್ ತುರುಕಿದಳು. ಸತ್ತದ್ದನ್ನು ತಿಂದೇ ಆ ಡ್ರಮ್ಮು ಬದುಕೋದು. ತಿಪ್ಪೆ ನೋಡಿ ಬೆಳೆದವನಿಗೆ ಇದೇನು ಹೊಸದಲ್ಲ.

ಎರಡನೇ ವಾರ ಒಂದು ತೂತಿನಿಂದ ನಳ್ಳಿ ಇಣುಕಿತು. ಏಡಿ ಅಂತೀರಲ್ಲ, ಅದೇ. ಕಾಲೆಲ್ಲ ಕೂದಲು, ಕೊಂಡಿಯ ತುದಿ ಕಪ್ಪು. ಇಂಥದ್ದು ಮುಂದೆ ಮೀನು, ಹವಳ ಎರಡಕ್ಕೂ ಕೈ ಹಾಕುತ್ತೆ, ಕಲ್ಲು ಹೊರಗೆತ್ತಿ ತೂತಿಗೆ ಸಿರಿಂಜಿನಿಂದ ಸೋಡಾ ಬಿಡು ಅಂದರು ಬಲ್ಲವರು. ಬಿಟ್ಟೆ. ತತ್ತರಿಸಿಕೊಂಡು ಬಕೆಟ್ಟಿಗೆ ಬಿತ್ತು. ಒಂದು ಕಾಲು ಕಲ್ಲಲ್ಲೇ ಉಳೀತು.

ಅಪ್ಪ ಗದ್ದೆ ಬದುವಿನ ನಳ್ಳಿ ಹಿಡಿದು ಕೊಲ್ತಿದ್ದ. ಅವು ಬದು ಕೊರೆದರೆ ನೀರೆಲ್ಲ ಕೆಳಗಿನ ಗದ್ದೆಗೆ. ಹಿಡಿದದ್ದು ಸಂಜೆ ಸಾರಾಗ್ತಿತ್ತು. ಅದು ಅನ್ನದ ಜಗಳ. ನನ್ನ ಜಗಳ ಯಾವುದಕ್ಕೆ? ಸೋಫಾ ಎದುರು ನೀಲಿ ಬೆಳಕಲ್ಲಿ ಚಂದ ಕಾಣಲಿ ಅನ್ನೋದಕ್ಕೆ. ಅಲ್ಲಿ ನಳ್ಳಿ ನಮ್ಮ ಬದುವಿಗೆ ಬಂದಿತ್ತು. ಇಲ್ಲಿ ಅದರ ಮನೆಯನ್ನೇ ದುಡ್ಡು ಕೊಟ್ಟು ಎತ್ತಿಸಿ ತಂದು, ಒಳಗಿದ್ದದ್ದನ್ನು ಕಳ್ಳ ಅಂತಿದೀನಿ. ಕಲ್ಲು ಇಳಿಸಿದವರು ಮನುಷ್ಯರೇ, ಮನೆ ಅದರದ್ದು ಹೇಗಾಯ್ತು ಅಂತ ವಾದಿಸಿಯೂ ನೋಡಿದೆ. ಬಕೆಟ್ ಮುಂದೆ ಕೂತಾಗ ಆ ವಾದ ನಿಲ್ಲಲಿಲ್ಲ.

ಅದೇ ವಾರ ಬ್ರಶ್ಶಿನಲ್ಲಿ ಉಜ್ಜಿ ಎಷ್ಟು ಹುಳ ಚರಂಡಿಗೆ ಚೆಲ್ಲಿದೆನೋ, ಲೆಕ್ಕ ಇಟ್ಟಿಲ್ಲ. ನಳ್ಳಿ ಕಣ್ಣೆತ್ತಿ ನೋಡಿತು, ಅದಕ್ಕೇ ಈ ಕರುಣೆ. ಇದು ಕರುಣೆಯೋ, ಬರೀ ನನ್ನ ಮುಜುಗರವೋ?

ಕಡಲಿಗೆ ಬಿಡೋಣ ಅಂದ್ರೆ ಅದೂ ತಪ್ಪು. ಡ್ರಮ್ಮಿನ ರೋಗ ಜೊತೆಗೇ ಹೋಗಬಹುದು. ಇಲ್ಲಿನ ಕಡಲನ್ನು ಕಾಡ್ತಿರೋ ಲಯನ್‌ಫಿಶ್ಶನ್ನೂ ಹೀಗೇ ಯಾರೋ ಅಕ್ವೇರಿಯಂನಿಂದ ಬಿಟ್ಟಿರಬೇಕು ಅಂತಾರೆ.

ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ. "ಒಂದುಕ್ಕೆ ಸಾರು ಆಗಾಕಿಲ್ಲ ಕಣ್ಲಾ ಮಗ, ಬುಟ್ಬುಡು" ಅಂದಳು.

ಆರನೇ ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಕಲ್ಲು ಹಾಲ್‌ನ ಟ್ಯಾಂಕಿಗೆ ಹೋಯ್ತು. ನಳ್ಳಿ ಅದರ ಕೆಳಗಿನ ಸಂಪಿನಲ್ಲಿದೆ, ಒಂಟಿಯಾಗಿ. ಪೊರೆ ಬಿಟ್ಟಮೇಲೆ ಹೋದ ಕಾಲು ಸಣ್ಣದಾಗಿ ಮೂಡಿದೆ. ವಾರಕ್ಕೆರಡು ಸಲ ಸೀಗಡಿ ಚೂರು ಹಾಕ್ತೀನಿ. ಸೀಗಡಿಗೂ ಕಣ್ಣಿತ್ತು ಅನ್ನೋದು ಹೆಚ್ಚುವಾಗ ನೆನಪಾಗುತ್ತೆ. ಮುಚ್ಚಳ ತೆಗೆದರೆ ಸಾಕು, ನಳ್ಳಿ ಇವತ್ತಿಗೂ ಎರಡೂ ಕೊಂಡಿ ಎತ್ತಿ ನನ್ನ ಕೈಗೇ ಬರುತ್ತೆ.